ಹುಲಿಯಿಲ್ಲದ ಊರಿನ ಇಂಟರ್ನ್‌ಶಿಪ್

ಪರೀಕ್ಷೆ ಹತ್ತಿರ ಬಂದಂತೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರ ನಡುವೆ ಒಂದೇ ವಿಚಾರಣೆ: ಬೇಸಿಗೆಗೆ ಇಂಟರ್ನ್‌ಶಿಪ್ ಎಲ್ಲಿ ಸಿಕ್ಕಿತು? ಕಾಡುಪ್ರಾಣಿಗಳ ಮೇಲೆ ಪ್ರೀತಿ ಇರುವವರ ಉತ್ತರ ಮೊದಲೇ ಗೊತ್ತಿರುತ್ತದೆ. ಬನ್ನೇರುಘಟ್ಟ, ಮೈಸೂರು, ಆಗುಂಬೆ, ಕಬಿನಿ. ಮನೆಯಲ್ಲಿ ದುಡ್ಡಿದ್ದರೆ ಗುಜರಾತು, ಥಾಯ್ಲೆಂಡ್. ಅಲ್ಲೊಂದು ತಿಂಗಳಿದ್ದು, ಕೋತಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಹದ್ದಿನ ರೆಕ್ಕೆಗೆ ಪಟ್ಟಿ ಕಟ್ಟುವಾಗ ಪಕ್ಕದಲ್ಲಿ ನಿಂತು, ಪ್ರಮಾಣಪತ್ರ ಹಿಡಿದುಕೊಂಡು ಬಂದರೆ ಅವರು ವನ್ಯಜೀವಿ ಸಂರಕ್ಷಣೆ ಕಲಿತವರು. ಕುರಕುಂಟಾದಂಥ ತಮ್ಮೂರಲ್ಲೇ ಉಳಿದವರು ರಜೆ ಕಳೆದವರು.

ಈ ಲೆಕ್ಕವನ್ನು ಕಾಲೇಜು ಒಪ್ಪಿದೆ, ಪಾಲಕರು ಒಪ್ಪಿದ್ದಾರೆ, ಮಕ್ಕಳಂತೂ ಒಪ್ಪಿಯೇ ಇದ್ದಾರೆ. ‘ಇಲ್ಲೇನ್ ಅದರೀ ಸರ, ಬರೀ ಕಲ್ಲು, ಧೂಳು’ ಎಂಬ ಮಾತನ್ನು ಪ್ರಾಧ್ಯಾಪಕರ ಕೋಣೆಯಲ್ಲೂ ಕೇಳಿದ್ದೇನೆ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಕೇಳಿದ್ದೇನೆ. ಆ ಮಾತಿನೊಳಗೆ ಎರಡು ನಂಬಿಕೆಗಳು ಕೂತಿವೆ. ವನ್ಯಜೀವಿ ಎಂಬುದು ಮಲೆನಾಡಿನವರ, ಹಳೇ ಮೈಸೂರಿನವರ ಸ್ವತ್ತು ಎಂಬುದು ಒಂದು. ಪ್ರಾಣಿಯನ್ನು ಕೈಯಲ್ಲಿ ಎತ್ತಿಕೊಳ್ಳುವುದೇ ಅದನ್ನು ಉಳಿಸುವ ದಾರಿ ಎಂಬುದು ಇನ್ನೊಂದು. ಎರಡೂ ತಪ್ಪು. ಬಿಡಿಸಿ ನೋಡಿದರೆ ಎರಡೂ ಒಂದೇ ತಪ್ಪು: ನೆಲವನ್ನು ಬಿಟ್ಟು ಪ್ರಾಣಿಯನ್ನಷ್ಟೇ ನೋಡುವುದು.

ಕುರಕುಂಟಾ ಎಂದರೆ ನಮ್ಮ ಸೀಮೆಯ ಆಚೆಯವರಿಗೆ ಏನೂ ನೆನಪಾಗುವುದಿಲ್ಲ. ಸ್ವಲ್ಪ ಹಳಬರಿಗೆ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆ ನೆನಪಾದೀತು. 1990ರ ದಶಕದ ಕೊನೆಗೆ ಅದೂ ನಿಂತಿತು. ನಿಜಾಮರ ಕಾಲದಲ್ಲಿ, 1874ರಲ್ಲಿ ಓಡಾಟ ಶುರುವಾದ ವಾಡಿ–ಸಿಕಂದರಾಬಾದ್ ರೈಲುಹಾದಿ ಈ ಕಡೆಯೇ ಹಾದುಹೋಗುತ್ತದೆ. ಕಿಟಕಿ ಪಕ್ಕ ಕುಳಿತವರಿಗೆ ವಾಡಿಯ ಎ.ಸಿ.ಸಿ., ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಚಿಮಣಿಗಳು ಒಂದಾದ ಮೇಲೊಂದು ಕಾಣುತ್ತವೆ. ನಡುನಡುವೆ ಖಣಿ, ಖಣಿಯ ದಂಡೆಗೆ ತೆಗೆದು ಸುರಿದ ಮಣ್ಣಿನ ಗುಡ್ಡೆ, ಫರ್ಸಿಕಲ್ಲಿನ ರಾಶಿ. ಇದರಲ್ಲಿ ಕಾಡುಪ್ರಾಣಿ ಎಲ್ಲಿ ಎಂದು ಕೇಳುವುದು ಸಹಜವೇ. ಕೇಳಿ, ಉತ್ತರಕ್ಕೆ ಕಾಯದೆ ಬೆಂಗಳೂರಿನ ಗಾಡಿ ಹತ್ತುವುದನ್ನು ಮಾತ್ರ ಸೋಮಾರಿತನ ಎನ್ನಬೇಕಾಗುತ್ತದೆ.

ಉತ್ತರ ಬಹಳ ದೂರವೇನಿಲ್ಲ. ಸೇಡಂನಿಂದ ಉತ್ತರಕ್ಕೆ ಹೋದರೆ ಚಿಂಚೋಳಿ. ಅಲ್ಲಿಂದ ಮುಂದೆ ತೆಲಂಗಾಣದ ಗಡಿಯವರೆಗೆ ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಕುಂಚಾವರಂ ಕಾಡು, ಕಾಡಿನೊಳಗೆ ಲಂಬಾಣಿ ತಾಂಡಾಗಳು. 2011ರಲ್ಲಿ ಸರ್ಕಾರ ಇದರಲ್ಲಿ 134.88 ಚದರ ಕಿಲೋಮೀಟರನ್ನು ವನ್ಯಜೀವಿಧಾಮವೆಂದು ಘೋಷಿಸಿತು. ದಕ್ಷಿಣ ಭಾರತದ ಮೊದಲ ಒಣಭೂಮಿಯ ವನ್ಯಜೀವಿಧಾಮ ಎಂದು ಅದನ್ನು ಕರೆಯುತ್ತಾರೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಅದರ ಪಟ್ಟಿಯಲ್ಲಿವೆ. ನಮ್ಮ ಕಾಲೇಜುಗಳ ಹುಡುಗರಲ್ಲಿ ಬನ್ನೇರುಘಟ್ಟದ ಸಫಾರಿ ನೋಡಿದವರು ಸಿಗುತ್ತಾರೆ. ಚಂದ್ರಂಪಳ್ಳಿಯ ಕಾಡಿನಲ್ಲಿ ನಡೆದವರನ್ನು ಹುಡುಕಬೇಕು. ಹೋದವರೂ ಎತ್ತಿಪೋತೆ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಸಂಜೆ ಬಸ್ಸಿಗೆ ವಾಪಸಾದವರು.

ಹಾಗೆಂದು ವನ್ಯಜೀವಿಧಾಮದ ಹೆಸರು ಹೇಳಿ ವಾದ ಗೆಲ್ಲುವ ಆಸೆ ನನಗಿಲ್ಲ. ಸರ್ಕಾರ ಎಳೆದ ಗೆರೆ ತೋಳಕ್ಕೆ ಗೊತ್ತಿಲ್ಲ. ಈ ಸೀಮೆಯ ಪ್ರಾಣಿಗಳು ಬದುಕುವುದು ಬಹುಪಾಲು ಆ ಗೆರೆಯ ಹೊರಗೆ: ತೊಗರಿ, ಜೋಳದ ಹೊಲಗಳಲ್ಲಿ, ಮಡ್ಡಿಯಲ್ಲಿ, ಊರ ಗಾಯರಾಣದಲ್ಲಿ, ಹಳ್ಳದ ದಂಡೆಯ ಜಾಲಿಪೊದೆಗಳಲ್ಲಿ, ಕೆಲಸ ನಿಂತ ಖಣಿಗಳ ಸುತ್ತ. ಹುಲಿಗೆ ದಟ್ಟ ಕಾಡು ಹೇಗೋ ತೋಳಕ್ಕೆ, ಚಿಗರಿ ಎಂದು ನಾವು ಕರೆಯುವ ಕೃಷ್ಣಮೃಗಕ್ಕೆ ಈ ಬಯಲು ಹಾಗೆ. ಭಾರತದಲ್ಲಿ ಉಳಿದಿರುವ ತೋಳಗಳ ಸಂಖ್ಯೆ ಮೂರು ಸಾವಿರದ ಆಸುಪಾಸು ಎಂದು ಅಂದಾಜು. ಅಂದರೆ ಹುಲಿಗಿಂತ ಹೆಚ್ಚೇನೂ ಇಲ್ಲ. ಹುಲಿಗಾದರೆ ಯೋಜನೆ ಇದೆ, ದಳ ಇದೆ, ಜಾಹೀರಾತಿದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಚೆಗೆ ತೋಳಗಳಿಗೇ ಮೀಸಲಾದ ಧಾಮವೊಂದು ಬಂದಿದೆ, ಅದು ರಾಜ್ಯದಲ್ಲಿ ಮೊದಲನೆಯದು. ಅಲ್ಲಿಯೂ ಬಯಲೇ, ಅಲ್ಲಿಯೂ ಕಲ್ಲೇ. ‘ಬರೀ ಕಲ್ಲು’ ಎಂದು ಮೂಗು ಮುರಿಯುವವರು ಅದನ್ನೊಮ್ಮೆ ನೋಡಿ ಬರಲಿ.

ಬಯಲನ್ನು ಬರಡು ಎಂದು ಬರೆದಿಟ್ಟದ್ದು ನಮ್ಮ ಹುಡುಗರಲ್ಲ. ಕಂದಾಯ ತರದ ಭೂಮಿಯೆಲ್ಲ ಪಾಳು ಎಂದು ಬ್ರಿಟಿಷರ ಕಾಲದ ಕಡತ ಹೇಳಿತು. ಸ್ವತಂತ್ರ ಭಾರತದ ಬಂಜರುಭೂಮಿ ನಕಾಶೆಯೂ ಹುಲ್ಲುಗಾವಲು, ಕುರುಚಲು ಭೂಮಿಗಳನ್ನು ಅದೇ ಪಟ್ಟಿಯಲ್ಲಿ ಮುಂದುವರಿಸಿತು. ಬಂಜರು ಎಂದ ಮೇಲೆ ಅದನ್ನು ಉದ್ಧಾರ ಮಾಡುವವರು ಬರಲೇಬೇಕಲ್ಲ! ಬಂದರು, ಸಸಿ ಹಿಡಿದುಕೊಂಡು ಬಂದರು. ಇದರ ಫಲ ಏನೆಂದು ತಿಳಿಯಲು ರಾಣೆಬೆನ್ನೂರಿಗೆ ಹೋಗಬೇಕು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಧಾಮವಾಯಿತು. ಅದರೊಳಗೆ ಬಹುಪಾಲು ನೀಲಗಿರಿ ನೆಡುತೋಪು. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿ ಇತ್ತು. ತೆರೆದ ಬಯಲಲ್ಲದೆ ಬೇರೆಲ್ಲೂ ಬಾಳದ, ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ ಹಕ್ಕಿ ಅದು. ಈಗ ಅಲ್ಲಿಲ್ಲ. ಕರ್ನಾಟಕದಲ್ಲಿ ಅದರ ಹೆಸರು ಕೇಳಬೇಕೆಂದರೆ ಬಳ್ಳಾರಿಯ ಸಿರುಗುಪ್ಪದ ಕಡೆಗೆ ಹೋಗಬೇಕು, ಅಲ್ಲಿಯೂ ಬೆರಳೆಣಿಕೆ. ನೆಲ ಕಳೆದುಕೊಂಡ ಹಕ್ಕಿಯ ಮೈಮೇಲೆ ಗಾಯ ಕಾಣುವುದಿಲ್ಲ, ಹಾಗಾಗಿ ಯಾವ ರಕ್ಷಣಾ ಕೇಂದ್ರದ ಮೇಜಿನ ಮೇಲೂ ಅದು ಬರುವುದಿಲ್ಲ. ಅದರ ನೆಲದಲ್ಲಿ ಮರ ನೆಟ್ಟರು, ಅದು ಹೋಯಿತು.

ನಮ್ಮಲ್ಲಿಯೂ ಪರಿಸರ ದಿನ ಬಂತೆಂದರೆ ಸಾಕು, ವಿದ್ಯಾರ್ಥಿಗಳನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ ಮಡ್ಡಿಯಲ್ಲಿ ಗುಂಡಿ ತೋಡಿಸುತ್ತಾರೆ. ಅದಕ್ಕೂ ಪ್ರಮಾಣಪತ್ರ ಉಂಟು.

ಈಗ ಎರಡನೆಯ ನಂಬಿಕೆಗೆ ಬರೋಣ. ಇದು ಹೆಚ್ಚು ಅಪಾಯದ್ದು, ಏಕೆಂದರೆ ಇದರಲ್ಲಿ ಕರುಣೆ ಬೆರೆತಿದೆ. ಕರುಣೆಯನ್ನು ಪ್ರಶ್ನಿಸುವವನು ಕಟುಕನಂತೆ ಕಾಣುತ್ತಾನೆ.

ತೊಗರಿ ಹೊಲದಲ್ಲಿ ಚಿಗರಿಮರಿಯೊಂದು ಒಂಟಿಯಾಗಿ ಮಲಗಿದೆ. ತಾಯಿ ಕಾಣುತ್ತಿಲ್ಲ. ಮನುಷ್ಯ ಹತ್ತಿರ ಬಂದರೂ ಅದು ಏಳುವುದಿಲ್ಲ, ಕೂಗುವುದಿಲ್ಲ. ನೋಡಿದ ಹುಡುಗನಿಗೆ ಅಯ್ಯೋ ಎನಿಸುತ್ತದೆ. ಎತ್ತಿಕೊಂಡು ಮನೆಗೆ ತಂದು ಎಮ್ಮೆಯ ಹಾಲು ಕುಡಿಸುತ್ತಾನೆ, ವಿಡಿಯೊ ಮಾಡುತ್ತಾನೆ, ಊರೆಲ್ಲ ಭೇಷ್ ಅನ್ನುತ್ತದೆ. ನಡೆದದ್ದು ರಕ್ಷಣೆಯಲ್ಲ, ಕಳವು. ಕೃಷ್ಣಮೃಗದ ತಾಯಿ ಹೆತ್ತ ಮೊದಲ ದಿನಗಳಲ್ಲಿ ಮರಿಯನ್ನು ಬೇಕೆಂದೇ ಹುಲ್ಲಲ್ಲೋ ಬೆಳೆಯಲ್ಲೋ ಅಡಗಿಸಿಟ್ಟು ದೂರ ಹೋಗಿ ಮೇಯುತ್ತದೆ, ಹಾಲೂಡಿಸಲು ಮಾತ್ರ ಬರುತ್ತದೆ. ತಾಯಿ ಪಕ್ಕದಲ್ಲೇ ನಿಂತರೆ ತೋಳಕ್ಕೆ ಗುರುತು ಸಿಗುತ್ತದಲ್ಲ. ಅಲುಗದೆ ಮಲಗಿರುವುದೇ ಆ ಮರಿಗೆ ಪ್ರಕೃತಿ ಕಲಿಸಿದ ಮೊದಲ ಪಾಠ. ಅದನ್ನು ಅನಾಥ ಎಂದು ತಿಳಿದವನು ಅದನ್ನು ನಿಜವಾಗಿ ಅನಾಥ ಮಾಡುತ್ತಾನೆ. ಕೈಯಲ್ಲಿ ಬೆಳೆದ ಚಿಗರಿ ಮತ್ತೆ ಹಿಂಡಿಗೆ ಸೇರುವುದು ಕಷ್ಟ. ಬೇಲಿಯೊಳಗೆ ಆಯುಷ್ಯ ಕಳೆಯಬೇಕು. ಬೆಳೆದ ಚಿಗರಿಯನ್ನಂತೂ ಅಟ್ಟಿಸಿ ಹಿಡಿದರೆ ಹೆದರಿಕೆ, ಓಟ, ಒದ್ದಾಟದಿಂದಲೇ ಅದರ ಸ್ನಾಯುಗಳು ಒಳಗೊಳಗೆ ಹಾಳಾಗಿ, ಮೈಮೇಲೆ ಒಂದು ಗಾಯವಿಲ್ಲದಿದ್ದರೂ ಗಂಟೆಗಳಲ್ಲೋ ದಿನಗಳಲ್ಲೋ ಸಾಯಬಹುದು. ಪಶುವೈದ್ಯರಿಗೆ ಇದು ಗೊತ್ತು. ವಿಡಿಯೊ ಮಾಡುವವರಿಗೆ ಗೊತ್ತಿಲ್ಲ, ಏಕೆಂದರೆ ಅಷ್ಟರಲ್ಲಿ ವಿಡಿಯೊ ಮುಗಿದಿರುತ್ತದೆ.

ಬೇಲಿಯೊಳಗಿನ ಆಯುಷ್ಯ ಎಷ್ಟು ಭದ್ರ ಎಂಬುದನ್ನು ಬೆಳಗಾವಿ ತೋರಿಸಿತು. 2025ರ ನವೆಂಬರಿನಲ್ಲಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಕಿರು ಮೃಗಾಲಯದಲ್ಲಿ ಕೆಲವೇ ದಿನಗಳ ಅಂತರದಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗಗಳು ಸತ್ತವು. ಗಳಲೆ ರೋಗ ಕಾರಣ ಎಂದು ಪರೀಕ್ಷೆ ಹೇಳಿತು. ದನ ಎಮ್ಮೆಗಳಿಗೆ ಬರುವ, ನಮ್ಮ ರೈತರೆಲ್ಲ ಬಲ್ಲ ರೋಗ. ಬಯಲಿನಲ್ಲಿ ಚದುರಿ ಮೇಯುವ ಹಿಂಡಿಗೆ ಬಂದಿದ್ದರೆ ಒಂದೆರಡು ಬೀಳುತ್ತಿದ್ದವೇನೋ. ಒಂದೇ ಆವರಣದಲ್ಲಿ ಇಟ್ಟದ್ದರಿಂದ ಹಿಂಡಿಗೆ ಹಿಂಡೇ ಹೋಯಿತು. ಅಲ್ಲಿಯ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಬೇಲಿ ಎಂಬುದಕ್ಕೇ ಒಂದು ಮಿತಿ ಇದೆ.

ಹಾವಿನ ಕಥೆ ಇನ್ನೂ ಕೆಟ್ಟದ್ದು. ನಮ್ಮ ಸೀಮೆಯ ಪ್ರತಿ ದೊಡ್ಡ ಊರಿನಲ್ಲೂ ಹಾವು ಹಿಡಿಯುವ ಹುಡುಗರಿದ್ದಾರೆ. ಅವರಲ್ಲಿ ಕೆಲವರು ಜಾಣರು, ತಾಳ್ಮೆಯವರು, ಮನೆಯವರಿಂದ ದುಡ್ಡು ಕೇಳದವರು. ಅವರಿಂದ ಎಷ್ಟೋ ಹಾವುಗಳು ಬಡಿಗೆಯ ಏಟಿನಿಂದ ಉಳಿದಿವೆ, ಇದನ್ನು ಒಪ್ಪಲೇಬೇಕು. ಆದರೆ ಹಿಡಿದ ಹಾವನ್ನು ಹಳ್ಳಿಯಿಂದ ಹತ್ತಾರು ಕಿಲೋಮೀಟರ್ ಆಚೆಯ ಕಾಡಿಗೆ ಬಿಟ್ಟು ಬಂದರೆ ಪುಣ್ಯ ಬಂತು ಎಂದು ಊರೇ ನಂಬಿದೆ. ಮನೆಯ ಕಣಜಕ್ಕೆ ಇಲಿಗಾಗಿ ಬಂದ ಕೇರೆಹಾವಿನ ಬಿಲ ಅಲ್ಲೇ ಹಿತ್ತಲಲ್ಲಿರುತ್ತದೆ. ಅದನ್ನು ಗುರುತಿಲ್ಲದ ಜಾಗದಲ್ಲಿ ಬಿಟ್ಟರೆ ಅದು ಹೊಸ ಮನೆ ಹೂಡುವುದಿಲ್ಲ. ಗೊತ್ತಿಲ್ಲದ ನೆಲದಲ್ಲಿ ಬಹುದೂರ ಅಲೆಯುತ್ತದೆ, ಅಲೆಯುವಾಗ ಹದ್ದಿಗೋ ಲಾರಿಗೋ ಸಿಗುತ್ತದೆ. ದೂರ ಸಾಗಿಸಿ ಬಿಟ್ಟ ಹಾವುಗಳಿಗೆ ರೇಡಿಯೊ ಕಟ್ಟಿ ಹಿಂಬಾಲಿಸಿದವರು ದೇಶವಿದೇಶಗಳಲ್ಲಿ ಇದನ್ನೇ ಕಂಡಿದ್ದಾರೆ. ಇತ್ತ ಕೇರೆ ಹೋದ ಮನೆಯಲ್ಲಿ ಇಲಿ ಹೆಚ್ಚುತ್ತದೆ, ಇಲಿಯ ವಾಸನೆ ಹಿಡಿದು ನಾಗರ ಬರುತ್ತದೆ.

ದೊಡ್ಡ ಪ್ರಾಣಿಯ ವಿಷಯದಲ್ಲಿ ಹೀಗೆ ಮಾಡಿದರೆ ಏನಾಗುತ್ತದೆಂದು ಮಹಾರಾಷ್ಟ್ರದ ಜುನ್ನರ್ ಕಲಿಸಿತು. 2001ರಿಂದ ಮುಂದೆ ಅಲ್ಲಿ ಕಬ್ಬಿನ ಗದ್ದೆಗಳ ಚಿರತೆಗಳನ್ನು ಬೋನಿಟ್ಟು ಹಿಡಿದು ದೂರದ ಕಾಡುಗಳಲ್ಲಿ ಬಿಟ್ಟರು. ಜನಕ್ಕೂ ಕ್ಷೇಮ, ಚಿರತೆಗೂ ಕ್ಷೇಮ ಎಂದು ಎಲ್ಲರೂ ಸಂತೋಷಪಟ್ಟರು. ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿದಾಗ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ, ಸಾಗಾಟ ಶುರುವಾದ ಮೇಲೆ 17ಕ್ಕೆ ಏರಿತ್ತು. ಹಿಡಿದು, ಹೆದರಿಸಿ, ಮನೆ ತಪ್ಪಿಸಿದ ಪ್ರಾಣಿ ಮೊದಲಿಗಿಂತ ಅಪಾಯಕಾರಿಯಾಗಿತ್ತು. ಈ ಅಧ್ಯಯನ ಪ್ರಕಟವಾದದ್ದು 2011ರಲ್ಲಿ. ಇಂದಿಗೂ ಯಾವುದೇ ಹಳ್ಳಿಗೆ ಚಿರತೆ ಬಂದರೆ ಜನರ ಮೊದಲ ಬೇಡಿಕೆ ಬೋನು.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಕೃಷ್ಣಮೃಗ, ತೋಳ ಎರಡೂ ಅದರ ಮೊದಲ ಅನುಸೂಚಿಯಲ್ಲಿವೆ. ಅಪ್ಪಣೆಯಿಲ್ಲದೆ ಚಿಗರಿಮರಿಯನ್ನು ಮನೆಯಲ್ಲಿಟ್ಟುಕೊಂಡ ಹುಡುಗ ಒಳ್ಳೆಯವನೇ ಇರಬಹುದು. ಕಾಯ್ದೆ ಒಳ್ಳೆಯತನವನ್ನು ಕೇಳುವುದಿಲ್ಲ. ನಿಜವಾಗಿ ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿ, ಜನ ಗುಂಪುಗೂಡದಂತೆ ನೋಡಿಕೊಂಡು, ದೂರ ನಿಲ್ಲುವುದು. ಇಷ್ಟು ಕಲಿಯಲು ತಿಂಗಳ ಇಂಟರ್ನ್‌ಶಿಪ್ ಬೇಡ, ಒಂದು ಮಧ್ಯಾಹ್ನ ಸಾಕು. ದೂರ ನಿಂತವನ ಫೋಟೊ ಮಾತ್ರ ಚೆನ್ನಾಗಿ ಬರುವುದಿಲ್ಲ, ಕಷ್ಟ ಅದು.

ಇಲ್ಲಿ ಎದುರಾಳಿಯ ಮಾತನ್ನೂ ಪೂರ್ತಿ ಕೇಳಬೇಕು. ಪಶುವೈದ್ಯಕೀಯ ಓದುವವರಿಗೆ ರಕ್ಷಣಾ ಕೇಂದ್ರದ ತರಬೇತಿ ಬೇಕೇ ಬೇಕು. ಅರಿವಳಿಕೆ ಕೊಡುವುದನ್ನು, ಮುರಿದ ಎಲುಬು ಕೂಡಿಸುವುದನ್ನು ಹೊಲದ ಬದುವಿನಲ್ಲಿ ಕಲಿಯಲಾಗದು. ಬನ್ನೇರುಘಟ್ಟದಲ್ಲಿ 2005ರಿಂದ ನಡೆದಿರುವ ಕರಡಿ ರಕ್ಷಣಾ ಕೇಂದ್ರ ಕುಣಿಸುವ ಕರಡಿಗಳಿಗೆ ಆಸರೆ ಕೊಟ್ಟಿತು. ಮೂಗು ಚುಚ್ಚಿ, ಹಲ್ಲು ಕಿತ್ತ ಆ ಕರಡಿಗಳಿಗೆ ಕಾಡಿಗೆ ಮರಳುವ ದಾರಿಯೇ ಇರಲಿಲ್ಲ. ಅಂಥ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಆಸ್ಪತ್ರೆಯ ಕೆಲಸ. ಊರಿನ ಆರೋಗ್ಯ ಆಸ್ಪತ್ರೆಯಿಂದಲೇ ಬರುವುದಿಲ್ಲ, ಕುಡಿಯುವ ನೀರಿನಿಂದ, ಚರಂಡಿಯಿಂದ ಬರುತ್ತದೆ. ಪಶುವೈದ್ಯರಾಗುವವರಿಗೆ ಬೀದರ್‌ನ ವಿಶ್ವವಿದ್ಯಾಲಯವೇ ಪಕ್ಕದಲ್ಲಿದೆ. ನಾನು ಹೇಳುತ್ತಿರುವುದು ಬಿ.ಎಸ್ಸಿ. ಎರಡನೆಯ ವರ್ಷದ, ಸೂಜಿ ಹಿಡಿಯುವ ಅಧಿಕಾರವೂ ತರಬೇತಿಯೂ ಇಲ್ಲದ ಹುಡುಗಿಯ ಬಗ್ಗೆ. ಅವಳು ಅಲ್ಲಿ ಮಾಡುವುದೇನು? ಹಣ್ಣು ಹೆಚ್ಚುತ್ತಾಳೆ, ಗೂಡು ತೊಳೆಯುತ್ತಾಳೆ. ಕೆಲವು ಕಡೆ ಹಾಗೆ ತೊಳೆಯುವುದಕ್ಕೆ ಅವಳೇ ದುಡ್ಡು ಕಟ್ಟಬೇಕು, ಊಟ ವಸತಿ ಬೇರೆ. ಗೂಡು ತೊಳೆಯುವುದು ಹೀನ ಕೆಲಸವಲ್ಲ; ಆದರೆ ಅದಕ್ಕೆ ಸೇಡಂನಿಂದ ಬೆಂಗಳೂರಿಗೆ ಹೋಗಿ ಸಂರಕ್ಷಣೆ ಎಂದು ಹೆಸರಿಡುವ ಅಗತ್ಯವಿಲ್ಲ. ದುಡ್ಡು ಕಟ್ಟಲಾಗದ ಮನೆಯವಳಿಗೆ ಆ ಹೆಸರೂ ದಕ್ಕುವುದಿಲ್ಲ. ಕಾಡುಪ್ರಾಣಿಯ ಮೇಲಿನ ಪ್ರೀತಿಗೆ ಪ್ರವೇಶಶುಲ್ಕ ಬಂದಿದೆ, ಮತ್ತು ನಮ್ಮ ಕಾಲೇಜುಗಳು ಆ ಶುಲ್ಕದ ರಸೀದಿಗೆ ಅಂಕ ಕೊಡುತ್ತಿವೆ.

ಹೊರಗೆ ಹೋದರೆ ಲೋಕಜ್ಞಾನ ಬರುತ್ತದೆ ಎನ್ನುತ್ತಾರೆ. ಬರಲಿ, ಹೋಗಲಿ. ಹೆಣ್ಣುಮಕ್ಕಳನ್ನು ಮಡ್ಡಿಗೆ ಹೇಗೆ ಕಳಿಸುವುದು ಎನ್ನುತ್ತಾರೆ. ಇಬ್ಬಿಬ್ಬರಾಗಿ, ಊರವರ ಜೊತೆಗೆ, ಎಂಬುದೇ ಉತ್ತರ. ಅದೇ ಹೆಣ್ಣುಮಕ್ಕಳು ಹೊಲಕ್ಕೆ ದಿನಾ ಹೋಗುತ್ತಲೇ ಇದ್ದಾರೆ. ಬಿಸಿಲು ಎನ್ನುತ್ತಾರೆ. ಇದು ಮಾತ್ರ ನಿಜವಾದ ತಕರಾರು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ದಾಟುತ್ತದೆ, ಹತ್ತು ಗಂಟೆಯ ಮೇಲೆ ಬಯಲಲ್ಲಿ ನಿಲ್ಲಲಾಗದು. ಆದರೆ ಬಯಲಿನ ಪ್ರಾಣಿಗಳೂ ಅಷ್ಟು ಹೊತ್ತಿಗೆ ನೆರಳು ಸೇರಿರುತ್ತವೆ. ನಸುಕಿನ ಮೂರು ತಾಸು, ಇಳಿಹೊತ್ತಿನ ಎರಡು ತಾಸು ಸಾಕು. ಬೇಸಿಗೆಯಲ್ಲಿ ನೀರು ಎಲ್ಲಿದೆಯೋ ಅಲ್ಲಿಗೆ ಎಲ್ಲ ಪ್ರಾಣಿಯೂ ಬರಲೇಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತಿರುಗಿದರೂ ಕಾಣದ್ದು ಮೇ ತಿಂಗಳ ಒಂದು ಹೊಂಡದ ಕೆಸರಿನ ಹೆಜ್ಜೆಗಳಲ್ಲಿ ಕಾಣುತ್ತದೆ. ಟಿಟ್ಟಿಭ ಹಕ್ಕಿ ಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಯಿಡುವುದೂ ಈ ಕಾಲದಲ್ಲೇ. ಬೇಸಿಗೆಯ ರಜೆಯನ್ನು ಇದಕ್ಕೆಂದೇ ಕೊಟ್ಟಂತಿದೆ.

ಇಲ್ಲಿ ಮಾಡಲು ಕೆಲಸವೇನಿದೆ ಎಂಬುದಕ್ಕೆ ಖಣಿಗಳಿಂದಲೇ ಶುರುಮಾಡುತ್ತೇನೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಫರ್ಸಿ ತೆಗೆದು ಬಿಟ್ಟ ಹಳೆಯ ಖಣಿಗಳಿವೆ. ಪದರ ಪದರವಾಗಿ ಕಲ್ಲು ಎಬ್ಬಿಸಿದ್ದರಿಂದ ಅವುಗಳ ಗೋಡೆ ನೆಟ್ಟಗೆ, ಕೊಯ್ದಿಟ್ಟಂತೆ. ಮಳೆನೀರು ತುಂಬಿ ಬೇಸಿಗೆಯಲ್ಲೂ ಒಂದಿಷ್ಟು ಉಳಿಯುತ್ತದೆ. ನೀರಿನ ಆಸೆಗೆ ಬಂದ ಪ್ರಾಣಿ ಕಾಲು ಜಾರಿದರೆ ಮೇಲೆ ಬರಲು ದಾರಿಯಿಲ್ಲ. ತಡೆಗೋಡೆಯಿಲ್ಲದ ಹಳೆಯ ಬಾವಿಗಳದೂ ಇದೇ ಕಥೆ. ನರಿ ಬಿದ್ದಿದೆ ಎಂದು ಸುದ್ದಿ ಬಂದ ಮೇಲೆ ಬಲೆ, ಹಗ್ಗ, ಏಣಿ ಹಿಡಿದು ಓಡುವುದು ರಕ್ಷಣೆ; ಪತ್ರಿಕೆಯಲ್ಲಿ ಬರುವುದು ಅದೇ. ಬೀಳುವ ಮೊದಲೇ ಖಣಿಯ ಒಂದು ಮೂಲೆಗೆ ಅಲ್ಲೇ ರಾಶಿಬಿದ್ದ ಒಡಕುಕಲ್ಲು ತಳ್ಳಿ ಇಳಿಜಾರು ಮಾಡಿಟ್ಟರೆ ನರಿ ತಾನೇ ಹತ್ತಿ ಬರುತ್ತದೆ, ದನಕಾಯುವ ಹುಡುಗನೂ ಮುಳುಗುವುದಿಲ್ಲ. ಒಂದು ಜೆ.ಸಿ.ಬಿ.ಯ ಅರ್ಧ ದಿನದ ಕೆಲಸ. ಆದರೆ ಯಾವ ಖಣಿ, ಎಲ್ಲಿ, ಎಷ್ಟು ಆಳ, ಎಷ್ಟು ಬದಿ ನೆಟ್ಟಗಿದೆ, ಮೇ ತಿಂಗಳಲ್ಲಿ ನೀರಿದೆಯೇ, ಸುತ್ತ ಯಾವ ಹೆಜ್ಜೆ, ಯಾರ ಹೆಸರಿನ ಗುತ್ತಿಗೆ: ಈ ಪಟ್ಟಿ ಮೊದಲು ಆಗಬೇಕು. ಒಂದು ಹೋಬಳಿಯ ಪಟ್ಟಿಯನ್ನು ಇಬ್ಬರು ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಮಾಡಬಲ್ಲರು. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಅದು ದನಕ್ಕೂ ಕಾಡುಪ್ರಾಣಿಗೂ ಮೇವಾಗಬೇಕು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಹುಲ್ಲು ಬೆಳೆದಿದೆಯೇ, ಸಾಲಾಗಿ ಸುಬಾಬುಲ್ ನೆಟ್ಟು ಕೈತೊಳೆದುಕೊಂಡಿದ್ದಾರೆಯೇ ಎಂದು ನೋಡಿ ಬರೆದಿಡಲು ಹುಲ್ಲಿನ ಜಾತಿ ಗುರುತಿಸಬಲ್ಲ ಸಸ್ಯಶಾಸ್ತ್ರದ ವಿದ್ಯಾರ್ಥಿಗಿಂತ ಯೋಗ್ಯರು ಯಾರು?

ಕುರಿಗಾರರ ಹತ್ತಿರ ಇನ್ನೊಂದು ಶಾಲೆಯೇ ಇದೆ. ತೋಳ ಎಲ್ಲಿ ಮರಿ ಹಾಕುತ್ತದೆ, ಯಾವ ಹಳ್ಳ ಹಿಡಿದು ಓಡಾಡುತ್ತದೆ, ಹಟ್ಟಿಯ ಯಾವ ಬದಿಯಿಂದ ನುಗ್ಗುತ್ತದೆ ಎಂಬುದು ಅವರಿಗೆ ಗೊತ್ತು. ಕುರಿ ಕಳೆದುಕೊಂಡರೂ ತೋಳವನ್ನು ಪೂರ್ತಿ ಅಳಿಸಬೇಕು ಎನ್ನುವವರು ಅವರಲ್ಲಿ ಕಡಿಮೆ. ಕಾಡುಪ್ರಾಣಿ ಕೊಂದ ಕುರಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಪರಿಹಾರಕ್ಕೆ ಪಂಚನಾಮೆ ಬೇಕು, ಪಶುವೈದ್ಯರ ವರದಿ ಬೇಕು, ಅರ್ಜಿ ಬೇಕು. ಅಷ್ಟರಲ್ಲಿ ಹಿಂಡು ಮುಂದಿನ ಊರಿಗೆ ಹೋಗಿರುತ್ತದೆ. ಅರ್ಜಿ ಬರೆಯದ ಕುರಿಗಾರನ ಕೋಪ ಒಂದು ದಿನ ವಿಷ ಹಾಕಿದ ಮಾಂಸವಾಗುತ್ತದೆ, ಅದನ್ನು ತೋಳದ ಜೊತೆಗೆ ನರಿ, ಕತ್ತೆಕಿರುಬ, ಊರ ನಾಯಿ ಎಲ್ಲ ತಿನ್ನುತ್ತವೆ. ಹಟ್ಟಿಯಲ್ಲಿ ಕುಳಿತು, ಮೊಬೈಲಿನಲ್ಲಿ ಫೋಟೊ ತೆಗೆದು, ಅವರ ಪರವಾಗಿ ಅರ್ಜಿ ತುಂಬಿ ಕಳಿಸುವ ವಿದ್ಯಾರ್ಥಿ ಒಂದು ಬೇಸಿಗೆಯಲ್ಲಿ ಉಳಿಸುವ ತೋಳಗಳು ಯಾವ ಆಸ್ಪತ್ರೆಯ ದಾಖಲೆಯಲ್ಲೂ ಬರುವುದಿಲ್ಲ. ತೊಗರಿಯ ಎಳೆಚಿಗುರು ಮೇಯುವ ಚಿಗರಿಹಿಂಡಿನ ವಿಷಯವೂ ಹೀಗೆಯೇ. ರೈತನ ಸಿಟ್ಟಿಗೆ ಕಾರಣವಿದೆ. ಆ ಸಿಟ್ಟನ್ನು ಕೇಳಿಸಿಕೊಳ್ಳದೆ ‘ಜಿಂಕೆ ಉಳಿಸಿ’ ಎಂದು ಗೋಡೆಬರಹ ಬರೆಸುವವರನ್ನು ಹೊಲದಿಂದ ಹೊರಗೆ ಅಟ್ಟಿದರೆ ತಪ್ಪಿಲ್ಲ.

ಹಾವು ಹಿಡಿಯುವ ಆಸೆಯವರಿಗೆ ಅದಕ್ಕಿಂತ ದೊಡ್ಡ ಕೆಲಸವಿದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು ಅಂದಾಜು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ದೇಶದಲ್ಲಿ ಈ ಹೆಜ್ಜೆಯಿಟ್ಟ ಮೊದಲ ರಾಜ್ಯ ನಮ್ಮದು. ಆದರೆ ಆಸ್ಪತ್ರೆಗೆ ಬರದೆ ಮಂತ್ರ ಹಾಕಿಸಿಕೊಂಡವರ ಲೆಕ್ಕ ಆಸ್ಪತ್ರೆಯಲ್ಲಿ ಸಿಗದು. ಯಾವ ಹೊತ್ತಿನಲ್ಲಿ, ಹೊಲದಲ್ಲೋ ಮನೆಯಲ್ಲೋ, ಯಾವ ಹಾವು, ಆಸ್ಪತ್ರೆ ಮುಟ್ಟಲು ಎಷ್ಟು ತಾಸು ಎಂದು ಊರೂರು ಕೇಳಿ ಬರೆದುಕೊಂಡರೆ ಆರೋಗ್ಯ ಇಲಾಖೆಗೂ ಅನುಕೂಲ, ಹಾವಿಗೂ ಅನುಕೂಲ. ಕಡಿತ ಕಡಿಮೆಯಾದ ಊರಿನಲ್ಲಿ ಬಡಿಗೆಯೂ ಕಡಿಮೆ ಏಳುತ್ತದೆ.

ಇವುಗಳಲ್ಲಿ ಯಾವುದಕ್ಕೂ ಪ್ರಾಣಿಯನ್ನು ಮುಟ್ಟಬೇಕಿಲ್ಲ. ವನ್ಯಜೀವಿಧಾಮದ ಒಳಗೆ ಅಧ್ಯಯನ ಮಾಡುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಗುತ್ತಿಗೆಯ ಖಣಿಗೆ ಕಂಪನಿಯ ಅನುಮತಿ ಬೇಕು; ಹೊಲದ ಬದುವಿನಲ್ಲಿ ನಿಂತು ಎಣಿಸಲು ಹೊಲದ ಯಜಮಾನ ಹೂಂ ಅಂದರೆ ಸಾಕು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹಕ್ಕಿಗಳನ್ನು ಎಣಿಸಿದವರ ಮೇಲೆ ಎಣಿಸಿದವರಿದ್ದಾರೆ. ಮಳಖೇಡದ ಕೋಟೆ ನೋಡಲು ಬಂದವರು ಕೋಟೆಯ ಬುಡದಲ್ಲೇ ಹರಿಯುವ ಕಾಗಿಣಾದ ಕಡೆ ದುರ್ಬೀನು ತಿರುಗಿಸುವುದಿಲ್ಲ. ರಾಷ್ಟ್ರಕೂಟರ ರಾಜಧಾನಿಗೆ ಸಿಕ್ಕಿದ ಮರ್ಯಾದೆಯ ನೂರರಲ್ಲೊಂದು ಪಾಲು ಅದರ ನದಿಗೂ ಸಿಕ್ಕೀತೇ?

ಈ ಕೆಲಸಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರವರಿಂದ ಕೇಳಿ ತಿಳಿದು ಜನತಾ ಜೀವವೈವಿಧ್ಯ ದಾಖಲೆ ಬರೆದಿಡಬೇಕು. ಯಾವ ಹುಲ್ಲು, ಯಾವ ಹಕ್ಕಿ, ಯಾವ ಹೊಂಡ, ಯಾರು ಏನು ಬಲ್ಲರು ಎಂಬ ಎಲ್ಲವೂ ಅದರಲ್ಲಿ ಇರಬೇಕಾದದ್ದು ಕಾನೂನು. ನಾಳೆ ಖಣಿಯ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಡೆದರೆ ಊರಿನ ಕೈಯಲ್ಲಿರುವ ಕಾಗದ ಅದೊಂದೇ. ಇಂಥ ದಾಖಲೆಯನ್ನು ಗುತ್ತಿಗೆಗೆ ಕೊಟ್ಟು, ಎಲ್ಲಿಂದಲೋ ನಕಲು ಮಾಡಿದ ಪಟ್ಟಿಯನ್ನು ಕಪಾಟಿನಲ್ಲಿಟ್ಟರೆ ಊರಿಗೆ ಏನೂ ಆಗದು. ಅದನ್ನು ಊರ ಮಕ್ಕಳೇ ಬರೆಯಬೇಕು.

ಹಾಗಾಗಿ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೇ. ಗ್ರಾಮ ಪಂಚಾಯಿತಿಯ ಮುದ್ರೆ, ಪ್ರಾಧ್ಯಾಪಕರೊಬ್ಬರ ಸಹಿ ಇರುವ ಕ್ಷೇತ್ರಕಾರ್ಯವನ್ನು ಬೆಂಗಳೂರಿನ ಪ್ರಮಾಣಪತ್ರಕ್ಕೆ ಸಮನಾಗಿ ಒಪ್ಪಿಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಬೇಕಿರುವವರ ಅರ್ಜಿಯನ್ನು ಪರೀಕ್ಷೆ ಮುಗಿದ ಮೇಲಲ್ಲ, ಜನವರಿಯಲ್ಲೇ ಕಳಿಸಿ. ಪಾಲಕರೇ, ಮಕ್ಕಳನ್ನು ದೂರದೂರಿಗೆ ಕಳಿಸಲು ದುಡ್ಡು ಹೊಂದಿಸುವ ಮೊದಲು ಒಮ್ಮೆ ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಜೀವವೈವಿಧ್ಯ ದಾಖಲೆಯ ಪುಸ್ತಕ ತೋರಿಸಿ ಎಂದು ಕೇಳಿ. ಪುಸ್ತಕ ಸಿಗದಿದ್ದರೆ, ಅಥವಾ ಸಿಕ್ಕ ಪುಸ್ತಕದಲ್ಲಿ ನಿಮ್ಮೂರಿನ ಹಳ್ಳದ ಹೆಸರೂ ಇಲ್ಲದಿದ್ದರೆ, ಈ ಬೇಸಿಗೆಯ ಇಂಟರ್ನ್‌ಶಿಪ್ ಅಲ್ಲೇ ಖಾಲಿಯಿದೆ.